ಇಬ್ಬರಿಗೂ ಆಗಬೇಕು, ಮೂವತ್ತು ಮಂದಿಗೂ ಆಗಬೇಕು: ಅಡುಗೆಮನೆ ಪ್ರಶ್ನೋತ್ತರ

ಮಾಡ್ಯುಲರ್ ಅಡುಗೆಮನೆಯ, ಅಂದರೆ ಬಿಡಿ ಪೆಟ್ಟಿಗೆಗಳನ್ನು ಜೋಡಿಸಿ ಮಾಡುವ ಅಡುಗೆಮನೆಯ ಬಗ್ಗೆ ಪ್ರಶ್ನೆಗಳಿದ್ದರೆ ಬರೆಯಿರಿ ಎಂದು ಕಳೆದ ಸಂಚಿಕೆಯಲ್ಲಿ ಕೇಳಿದ್ದೆ. ಬಂದ ಪತ್ರಗಳಲ್ಲಿ ಐದನ್ನು ಇಲ್ಲಿ ಆರಿಸಿದ್ದೇನೆ. ಹೊಸ ಓದುಗರಿಗೆ ನನ್ನ ಪರಿಚಯ ಇಷ್ಟು: ಐಟಿಐಯಲ್ಲಿ ಡ್ರಾಫ್ಟ್ಸ್‌ಮನ್ ಸಿವಿಲ್ ಕಲಿತವಳು, ಕಾಸರಗೋಡಿನ ಬದಿಯಡ್ಕದಲ್ಲಿ ನನ್ನ ಯಜಮಾನರ ಮರದ ಕೆಲಸದ ಶೆಡ್ಡಿನಲ್ಲಿ ಇಪ್ಪತ್ತೆರಡು ವರ್ಷಗಳಿಂದ ಅಡುಗೆಮನೆಗಳ ನಕ್ಷೆ ಹಾಕುತ್ತಿದ್ದೇನೆ. ಮನೆಯಲ್ಲಿ ಎರಡು ಹೊತ್ತು ಅಡುಗೆ ಮಾಡುವವಳೂ ನಾನೇ.

ಪ್ರಶ್ನೆ: ಅಕ್ಕಾ, ನಮ್ಮದು ಪೆರ್ಲದ ಹತ್ತಿರ ಐವತ್ತು ವರ್ಷ ಹಳೆಯ ಮುರಕಲ್ಲಿನ ಮನೆ. ಅಡುಗೆಮನೆ 14 ಅಡಿ ಉದ್ದ, 11 ಅಡಿ ಅಗಲ. ಈಗ ಮನೆಯಲ್ಲಿ ನಾವಿಬ್ಬರೇ, ಅರವತ್ತು ದಾಟಿದವರು. ಮಗನ ಸಂಸಾರ ಬೆಂಗಳೂರಿನಲ್ಲಿ. ವರ್ಷಕ್ಕೆ ಎರಡು ತಿಥಿ, ಒಂದು ದುರ್ಗಾಪೂಜೆ. ಆಗ ಮೂವತ್ತು ನಲವತ್ತು ಮಂದಿ ಊಟಕ್ಕಿರುತ್ತಾರೆ. ಮಗ ಒಂದು ಅಂಗಡಿಯಿಂದ ಮಾಡ್ಯುಲರ್ ಕಿಚನ್‌ನ ನಕ್ಷೆ ಮಾಡಿಸಿ ಕಳುಹಿಸಿದ್ದಾನೆ. ಮೂರು ಗೋಡೆಗೂ ಕೆಳಗೆ ಮೇಲೆ ಕಪಾಟು, ನಡುವೆ ಒಂದು ಕಟ್ಟೆ. ಚಿತ್ರ ಚಂದ ಉಂಟು. ಆದರೆ ನಾನು ಹೆರೆಮಣೆ ಇಟ್ಟುಕೊಂಡು ಎಲ್ಲಿ ಕೂರಲಿ? ಬೇಡ ಎಂದರೆ ಮಗನಿಗೆ ಬೇಸರ. ಏನು ಮಾಡುವುದು?

ಉತ್ತರ: ಮಗನಿಗೆ ಬೇಡ ಎನ್ನಬೇಡಿ ಅಮ್ಮಾ. ಕಪಾಟು ಮಾಡಿಸಿ, ಒಳ್ಳೆಯದನ್ನೇ ಮಾಡಿಸಿ. ಆದರೆ ಆ ನಕ್ಷೆಯ ಅರ್ಧಕ್ಕಿಂತ ಹೆಚ್ಚನ್ನು ತೆಗೆದುಬಿಡಿ.

ಈ ಬಗೆಯ ಅಡುಗೆಮನೆಯ ಮೂಲ ಎಲ್ಲಿದೆ ಎಂದು ತಿಳಿದರೆ ನಿಮ್ಮ ಹೆದರಿಕೆಗೆ ಕಾರಣ ಸಿಗುತ್ತದೆ. 1926ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದಲ್ಲಿ ಕೆಲಸಗಾರರ ಮನೆಗಳಿಗಾಗಿ ಮಾರ್ಗರೆಟೆ ಶ್ಯೂಟೆ-ಲಿಹೋಟ್ಸ್ಕಿ ಎಂಬ ವಾಸ್ತುಶಿಲ್ಪಿ ಒಂದು ಅಡುಗೆಮನೆ ರೂಪಿಸಿದರು. 1.9 ಮೀಟರ್ ಅಗಲ, 3.4 ಮೀಟರ್ ಉದ್ದ. ಒಬ್ಬಳೇ ಹೆಂಗಸು, ಹೆಚ್ಚು ಹೆಜ್ಜೆ ಹಾಕದೆ, ಎಲ್ಲವೂ ಕೈಗೆ ಸಿಗುವ ಹಾಗೆ ಕೆಲಸ ಮುಗಿಸಿ ಹೊರಬರಲಿ ಎಂಬ ಕಾಳಜಿ ಆ ಹೆಣ್ಣುಮಗಳದ್ದು. ದೊಡ್ಡ ಕೆಲಸ ಅದು, ನನಗೆ ಅವರ ಮೇಲೆ ತುಂಬ ಗೌರವ. ಇಂದಿನ ಜೋಡಿಸುವ ಕಪಾಟುಗಳ ವಂಶ ಅಲ್ಲಿಂದಲೇ ಬೆಳೆದದ್ದು. ಆದರೆ ಆ ಲೆಕ್ಕದಲ್ಲಿ ಅಡುಗೆಮನೆಯೊಳಗೆ ಇರುವುದು ಒಬ್ಬಳು. ನಿಮ್ಮ ಮನೆಯಲ್ಲಿ ತಿಥಿಯ ದಿನ ಒಬ್ಬರು ಕಾಯಿ ಹೆರೆಯುತ್ತಾರೆ, ಇಬ್ಬರು ಮೆಟ್ಟುಕತ್ತಿ ಇಟ್ಟುಕೊಂಡು ತರಕಾರಿ ಕೊರೆಯುತ್ತಾರೆ, ಒಬ್ಬರು ಬಾಳೆಲೆ ಒರೆಸುತ್ತಾರೆ. ಎಲ್ಲರೂ ನೆಲದ ಮೇಲೆ. ಹಾಗಾಗಿ ನಿಮ್ಮ ಅಡುಗೆಮನೆಯಲ್ಲಿ ಎಲ್ಲಕ್ಕಿಂತ ಬೆಲೆಬಾಳುವ ವಸ್ತು ನಡುವಿನ ಖಾಲಿ ನೆಲ. ನಡುವಿನ ಕಟ್ಟೆ ಬೇಡವೇ ಬೇಡ.

ನಾನು ನಕ್ಷೆ ಹಾಕುವಾಗ ಮೊದಲು ಮೂರು ಗುರುತು ಮಾತ್ರ ಹಾಕುತ್ತೇನೆ: ನೀರು, ಬೆಂಕಿ, ಕರೆಂಟು. ಇವು ಮೂರು ಒಮ್ಮೆ ಕೂತರೆ ಏಳುವುದಿಲ್ಲ. ಗೋಡೆ ಒಡೆಯಬೇಕು, ಪೈಪು ಎಳೆಯಬೇಕು. ಉಳಿದದ್ದೆಲ್ಲ ಪೆಟ್ಟಿಗೆ. ಪೆಟ್ಟಿಗೆ ಇವತ್ತು ಇಲ್ಲಿ, ನಾಳೆ ಅಲ್ಲಿ ಇರಬಹುದು, ಹತ್ತು ವರ್ಷ ಕಳೆದು ಉಗ್ರಾಣಕ್ಕೂ ಹೋಗಬಹುದು. ಮಾಡ್ಯುಲರ್ ಎಂಬುದರ ನಿಜವಾದ ಉಪಯೋಗ ಅದೇ. ಆದರೆ ನಮ್ಮಲ್ಲಿ ಏನಾಗಿದೆ ಎಂದರೆ, ಪೆಟ್ಟಿಗೆಗಳನ್ನು ತಂದು ಒಂದಕ್ಕೊಂದು ಅಂಟಿಸಿ, ಗೋಡೆಗೆ ಬಡಿದು, ಮೇಲೆ ಉದ್ದಕ್ಕೆ ಒಂದೇ ಗ್ರಾನೈಟ್ ಕೂರಿಸಿ, ಸಂದಿಗೆಲ್ಲ ಸಿಲಿಕೋನ್ ತುಂಬಿಬಿಡುತ್ತಾರೆ. ಆಮೇಲೆ ಅದಕ್ಕೂ ಹಿಂದಿನ ಕಾಲದ ಗೋಡೆಗೂಡಿಗೂ ಏನು ವ್ಯತ್ಯಾಸ?

ನಾನೂ ಈ ತಪ್ಪು ಮಾಡಿದವಳೇ. ಒಂದು ಮನೆಯಲ್ಲಿ ಫ್ರಿಜ್ಜಿಗೆಂದು 620 ಮಿ.ಮೀ. ಅಗಲದ ಗೂಡು ಬಿಟ್ಟು ಎರಡೂ ಬದಿಗೆ ಎತ್ತರದ ಕಪಾಟು ನಿಲ್ಲಿಸಿದ್ದೆ. ಅಳತೆ ಕೂದಲೆಳೆಯಷ್ಟೂ ಆಚೀಚೆಯಾಗಿರಲಿಲ್ಲ. ಎಂಟು ವರ್ಷ ಕಳೆದು ಫ್ರಿಜ್ ಕೆಟ್ಟಿತು, ಹೊಸತು ಬಂತು, ಅದರ ಅಗಲ 680. ಈಗ ಆ ಮನೆಯವರ ಫ್ರಿಜ್ ಊಟದ ಕೋಣೆಯಲ್ಲಿದೆ. ಮೊಸರಿಗೊಮ್ಮೆ, ಹಸಿಮೆಣಸಿಗೊಮ್ಮೆ ಆ ಅಮ್ಮ ಅಷ್ಟು ದೂರ ನಡೆಯುತ್ತಾರೆ. ಅವರ ಮನೆಗೆ ಹೋದಾಗೆಲ್ಲ ನನಗೆ ಆ 60 ಮಿ.ಮೀ. ಕಣ್ಣಿಗೆ ಚುಚ್ಚುತ್ತದೆ.

ನಿಮಗೆ ನಾನು ಹೇಳುವ ವ್ಯವಸ್ಥೆ ಇದು. ಕಿಟಕಿ ಇರುವ 14 ಅಡಿ ಗೋಡೆಯನ್ನು ಮಾತ್ರ ಕೆಲಸದ ಗೋಡೆ ಮಾಡಿ. ಅಲ್ಲಿ ನಾಲ್ಕೇ ಪೆಟ್ಟಿಗೆ: ಸಿಂಕಿನ ಕೆಳಗೆ 900 ಮಿ.ಮೀ., ಪಕ್ಕಕ್ಕೆ 600ರ ಡ್ರಾವರ್, ಸ್ಟೌವಿನ ಕೆಳಗೆ 900, ಮತ್ತೆ 600ರ ಡ್ರಾವರ್. ಕಲ್ಲನ್ನು ಪೆಟ್ಟಿಗೆಗಳ ಮೇಲೆ ಕೂರಿಸಬೇಡಿ. ಒಂದೂವರೆ ಇಂಚಿನ ಜಿಐ (ಸತುವಿನ ಲೇಪದ ಕಬ್ಬಿಣ) ಚೌಕ ಪೈಪಿನ ಕಾಲುಗಳ ಮೇಲೆ ಒಂದಿಂಚು ಪೈಪಿನ ಚೌಕಟ್ಟು ವೆಲ್ಡ್ ಮಾಡಿಸಿ, ಗ್ರಾನೈಟ್ ಅದರ ಮೇಲೆ ಕೂರಲಿ. ಎರಡು ತುದಿಗೆ ಒಂದೊಂದು ಜೊತೆ ಕಾಲು, ನಡುವೆ ಡ್ರಾವರಿಗೂ ಸ್ಟೌವಿಗೂ ಮಧ್ಯೆ ಇನ್ನೊಂದು ಜೊತೆ. ಕಾಲುಗಳ ದಪ್ಪವೂ ಸೇರಿ ಒಟ್ಟು ಉದ್ದ ಸುಮಾರು 3,120 ಮಿ.ಮೀ., ಅಂದರೆ ಹತ್ತಡಿ ಮೂರಿಂಚು. ಗ್ರಾನೈಟನ್ನು ಎರಡು ತುಂಡು ಮಾಡಿ ಆ ನಡುಗಾಲಿನ ಮೇಲೆಯೇ ಕೂಡಿಸಿ. ಸಿಂಕಿನ ಹತ್ತಿರ ಕೂಡಿಸಿದರೆ ನೀರು ಇಳಿಯುತ್ತದೆ. ಹೀಗೆ ಮಾಡಿದರೆ ಕಲ್ಲು ತನ್ನಷ್ಟಕ್ಕೆ ನಿಲ್ಲುತ್ತದೆ, ಪೆಟ್ಟಿಗೆಗಳು ಮೇಜಿನ ಕೆಳಗಿನ ಸ್ಟೂಲಿನ ಹಾಗೆ ಒಳಗೆ ಸರಿದು ಕೂರುತ್ತವೆ. ಯಾವುದಾದರೂ ಹಾಳಾದರೆ ಅದೊಂದನ್ನೇ ಹೊರಗೆಳೆದು ಬದಲಿಸಬಹುದು.

ಲೆಕ್ಕ ನೋಡಿ: ಪೆಟ್ಟಿಗೆಯ ಕಾಲು 100 ಮಿ.ಮೀ., ಪೆಟ್ಟಿಗೆ 720, ಮೇಲೆ ಹತ್ತರಷ್ಟು ಸಂದಿ, ಪೈಪು 25, ಕಲ್ಲು 18. ಕಟ್ಟೆಯ ಎತ್ತರ ಸುಮಾರು 870, ಅಂದರೆ 34 ಇಂಚಿಗೆ ಸ್ವಲ್ಪ ಮೇಲೆ. ಹಿಂದೆ ಒಮ್ಮೆ ನನ್ನ ಮಾವನಿಗೆ ಈ 720ರ ಅಳತೆ ವಿವರಿಸುತ್ತಿದ್ದೆ. ಅವರು ಹಳೇ ಆಚಾರಿ, ಕೋಲಿನ ಲೆಕ್ಕದವರು. 'ಅದು ಒಂದು ಕೋಲು ಅಲ್ಲವಾ?' ಎಂದರು. ಹೌದು, 24 ಅಂಗುಲದ ಕೋಲು 72 ಸೆಂ.ಮೀ. (ಆಚಾರಿಗಳ ಈ ಅಂಗುಲ ಇಂಚಲ್ಲ, ಮೂರು ಸೆಂ.ಮೀ.) ಎಲ್ಲಿಯದೋ ಅಳತೆ, ಎಲ್ಲಿಯದೋ ಕೋಲು, ಎರಡೂ ಒಂದೇ ಕಡೆ ಬಂದು ನಿಂತಿದ್ದವು. ಅಂದಿನಿಂದ ನಮ್ಮ ಶೆಡ್ಡಿನಲ್ಲಿ ಕೆಳಗಿನ ಪೆಟ್ಟಿಗೆಗೆ 'ಕೋಲುಪೆಟ್ಟಿಗೆ' ಎಂದೇ ಹೆಸರು.

ಅದೇ ಗೋಡೆಯಲ್ಲಿ ಉಳಿಯುವ ಮೂರು ಮುಕ್ಕಾಲು ಅಡಿ ಜಾಗವನ್ನು ಖಾಲಿ ಬಿಡಿ. ಇಂದು ಅಲ್ಲಿ ಗ್ರೈಂಡರ್ ಇರಲಿ. ನಾಳೆ ಪಾತ್ರೆ ತೊಳೆಯುವ ಮೆಷಿನ್ ಬೇಕೆನಿಸಿದರೆ ಅದಕ್ಕೂ ಅಲ್ಲೇ ಜಾಗ. ಸಿಂಕಿನ ಪೈಪಿನಿಂದ ಒಂದು ಕವಲು (ಟೀ ಜೋಡಣೆ) ಕೊಟ್ಟು ಮುಚ್ಚಿಡಿ ಎಂದು ಪ್ಲಂಬರಿಗೆ ಈಗಲೇ ಹೇಳಿ.

ಎದುರಿನ ಗೋಡೆಗೆ ಚಕ್ರವಿರುವ ಎರಡು ಪೆಟ್ಟಿಗೆ ಮಾಡಿಸಿ. ಒಂದೊಂದೂ ಎರಡಡಿ ಅಗಲ, ಎರಡಡಿ ಆಳ. 75 ಮಿ.ಮೀ. ಚಕ್ರ ಹಾಕಿದರೆ ನೆಲದಿಂದ ಪೆಟ್ಟಿಗೆಯ ತಳಕ್ಕೆ ಹೆಚ್ಚುಕಮ್ಮಿ 100 ಮಿ.ಮೀ. ಬರುತ್ತದೆ, ಕಾಲಿನ ಎತ್ತರಕ್ಕೇ ಸಮ. ಮುಂದಿನ ಎರಡು ಚಕ್ರಕ್ಕೆ ಬ್ರೇಕ್ ಇರಲಿ. ನಿಮ್ಮದು ಹಳೆಯ ರೆಡ್ ಆಕ್ಸೈಡ್ ನೆಲವಾದರೆ ಗಟ್ಟಿ ನೈಲಾನ್ ಚಕ್ರ ಬೇಡ, ಗೆರೆ ಬೀಳುತ್ತದೆ. ಪಾಲಿಯುರೆಥೇನ್ ಚಕ್ರ ಕೇಳಿ. ದಿನನಿತ್ಯ ಇವೆರಡೂ ಗೋಡೆಗೆ ಒರಗಿ ನಾಲ್ಕಡಿಯ ಕಟ್ಟೆಯಾಗಿರುತ್ತವೆ. ತಿಥಿಯ ದಿನ ಉರುಳಿಸಿಕೊಂಡು ಹಿತ್ತಿಲ ಕಡೆಯ ವರ್ಕ್ ಏರಿಯಾಕ್ಕೆ ಒಯ್ದರೆ ಅಲ್ಲಿ ಬಡಿಸುವ ಪಾತ್ರೆ ಇಡಲು ಮೇಜು, ಇಲ್ಲಿ ಕೂರಲು ನೆಲ. 11 ಅಡಿಯಲ್ಲಿ ಎರಡಡಿ ಕಟ್ಟೆಗೆ ಹೋಗಿ ಒಂಬತ್ತಡಿ ಸಿಗುತ್ತದೆ. ನಾಲ್ಕು ಮಂದಿ ಕಾಲು ಚಾಚಿ ಕೂತರೂ ಧಾರಾಳ.

ತಲೆಯ ಮೇಲಿನ ಕಪಾಟುಗಳು ನಿಮಗೆ ಬೇಡ. ಅರವತ್ತು ದಾಟಿದ ಮೇಲೆ ಸ್ಟೂಲ್ ಹತ್ತಿ ಡಬ್ಬ ತೆಗೆಯುವ ಮನೆಯನ್ನು ನಾನು ಯಾರಿಗೂ ಮಾಡಿಕೊಡುವುದಿಲ್ಲ. ಬೇಕಾದ್ದನ್ನೆಲ್ಲ ಕೆಳಗಿನ ಡ್ರಾವರಿಗೆ ತನ್ನಿ. ಬಗ್ಗಿ ತಲೆ ಒಳಗೆ ಹಾಕಿ ಹುಡುಕುವ ಕೆಲಸ ಇಲ್ಲ, ಎಳೆದರೆ ಕಟ್ಟಕಡೆಯ ಡಬ್ಬವೂ ಮುಂದೆ ಬರುತ್ತದೆ. ಕುಚ್ಚಲಕ್ಕಿಯ ಚೀಲವನ್ನು ಮಾತ್ರ ಡ್ರಾವರಿಗೆ ಹಾಕಬೇಡಿ. ಡ್ರಾವರ್ ಜಾರುವ ಚಾನೆಲ್ ಎಷ್ಟು ಕಿಲೋ ತಾಳುತ್ತದೆ ಎಂದು ಪ್ಯಾಕೆಟ್ಟಿನ ಮೇಲೆ ಬರೆದಿರುತ್ತದೆ, 30 ಅಥವಾ 40. ಐವತ್ತು ಕಿಲೋ ಚೀಲಕ್ಕೆ ಅದು ಬಾಗುತ್ತದೆ. ಅಕ್ಕಿಗೆ ಹಳೆಯ ಪತ್ತಾಯವೋ ಡ್ರಮ್ಮೋ ಇದ್ದಲ್ಲೇ ಇರಲಿ.

ಗ್ರೈಂಡರ್ ಮೂಲೆಯ ಮೇಲೆ ಗೋಡೆಯಿಂದ ಗೋಡೆಗೆ ಒಂದು ಕಂಬಿ ಹಾಕಿಸಿ ಎಂಬುದು ನನ್ನ ಒತ್ತಾಯ. ಬಾಳೆಯ ನಾರಿನಲ್ಲಿ ಕಟ್ಟಿದ ಮಂಗಳೂರು ಸೌತೆಕಾಯಿ ನೇತುಹಾಕಲು. ಮಳೆಗಾಲ ಮುಗಿಯುವವರೆಗೆ ಕೆಡದೆ ಇರುವುದು ಅದಕ್ಕೆ ನಾಲ್ಕೂ ಕಡೆಯಿಂದ ಗಾಳಿ ಸಿಗುವುದರಿಂದ. ಎಷ್ಟು ಬೆಲೆಯ ಕಪಾಟಾದರೂ ಬಾಗಿಲು ಮುಚ್ಚಿದ ಮೇಲೆ ಆ ಕೆಲಸ ಮಾಡಲಾರದು.

ಕರೆಂಟಿನ ವಿಷಯದಲ್ಲಿ ಜಿಪುಣತನ ಬೇಡ. ಇಂಡಕ್ಷನ್ ಒಲೆ 2,000 ವಾಟ್ ಇದ್ದರೆ ಒಂಬತ್ತು ಆಂಪಿಯರ್ ಹತ್ತಿರ ಎಳೆಯುತ್ತದೆ. ಮಿಕ್ಸಿಯ 6 ಆಂಪಿಯರ್ ಪ್ಲಗ್ಗಿಗೆ ಅದನ್ನು ಕೊಡಬಾರದು. 16 ಆಂಪಿಯರಿನ ಮೂರು ಪಾಯಿಂಟ್ ಹಾಕಿಸಿ: ಕಟ್ಟೆಯಲ್ಲೊಂದು, ಗ್ರೈಂಡರ್ ಮೂಲೆಯಲ್ಲೊಂದು, ಚಕ್ರದ ಪೆಟ್ಟಿಗೆಗಳ ಗೋಡೆಯಲ್ಲೊಂದು. ಫ್ರಿಜ್ಜಿಗೆ ಎರಡು ಕಡೆ ಪಾಯಿಂಟ್ ಇಟ್ಟರೆ ಮುಂದೆ ನನ್ನ ಹಾಗೆ ಪರಿತಪಿಸಬೇಕಾಗಿಲ್ಲ.

ಪ್ರಶ್ನೆ: ನಾನು ಮುಳ್ಳೇರಿಯದ ಕಡೆ ಮರದ ಕೆಲಸ ಮಾಡುವವನು. ಗಿರಾಕಿಗಳು ಒಬ್ಬರು ಮಲ್ಟಿವುಡ್ ಎನ್ನುತ್ತಾರೆ, ಒಬ್ಬರು ಪ್ಲೈವುಡ್, ಇನ್ನೊಬ್ಬರು ಅಲ್ಯುಮಿನಿಯಂ, ಕೆಲವರು ಫೆರೋಸ್ಲ್ಯಾಬ್ (ತಂತಿಬಲೆ ಹಾಕಿದ ತೆಳು ಸಿಮೆಂಟ್ ಹಲಗೆ). ನಮ್ಮ ಮಳೆಗೆ ಯಾವುದು ಬಾಳುತ್ತದೆ? ಒರಳೆಯ (ಗೆದ್ದಲಿನ) ಕಾಟವೂ ಉಂಟು.

ಉತ್ತರ: ಒಂದೇ ಅಡುಗೆಮನೆಗೆ ಒಂದೇ ವಸ್ತು ಎಂಬ ಹಟ ಬಿಟ್ಟರೆ ನಿಮ್ಮ ಪ್ರಶ್ನೆ ಅರ್ಧ ಬಗೆಹರಿಯಿತು. ಸಿಂಕಿನ ಪೆಟ್ಟಿಗೆಯ ಕಷ್ಟ ಬೇರೆ, ಸ್ಟೌವಿನ ಪೆಟ್ಟಿಗೆಯ ಕಷ್ಟ ಬೇರೆ.

ನಮ್ಮ ಸ್ವಂತ ಮನೆಯ ಮೊದಲ ಅಡುಗೆಮನೆಗೆ ದುಡ್ಡು ಸಾಲದೆ ಪಾರ್ಟಿಕಲ್ ಬೋರ್ಡಿನ ರೆಡಿಮೇಡ್ ಪೆಟ್ಟಿಗೆ ತಂದಿದ್ದೆವು. ಎರಡನೇ ವರ್ಷದ ಆಟಿ ತಿಂಗಳು, ಜಡಿಮಳೆಯ ಕಾಲ. ಸಿಂಕಿನ ಕೆಳಗಿನ ಬಾಗಿಲು ತೆರೆದಾಗ ಹಳೇ ಗೋಣಿಯ ವಾಸನೆ. ತಳದ ಹಲಗೆ ಚಹಾದಲ್ಲಿ ಅದ್ದಿದ ರಸ್ಕಿನ ಹಾಗೆ ಉಬ್ಬಿತ್ತು, ಬೆರಳಿಟ್ಟರೆ ಪುಡಿ. ಮೇಲಿನ ಮೈಕಾ ಮಾತ್ರ ಹೊಸತರ ಹಾಗೇ ಹೊಳೆಯುತ್ತಿತ್ತು. ನೀರು ಮೈಕಾದಿಂದ ಇಳಿದದ್ದಲ್ಲ; ಪೈಪಿಗಾಗಿ ಕೊರೆದ ತೂತಿನ ಬರಿಯ ಅಂಚಿನಿಂದ ಒಳಹೊಕ್ಕಿತ್ತು. ಆ ಅಂಚಿಗೆ ಒಂದು ಕೋಟು ಪ್ರೈಮರ್ ಬಳಿದಿದ್ದರೆ ಇನ್ನೂ ನಾಲ್ಕು ವರ್ಷ ಬರುತ್ತಿತ್ತೇನೋ. ವರ್ಷಕ್ಕೆ ಮೂರು ಸಾವಿರ ಮಿ.ಮೀ.ಗೂ ಮೀರಿ ಮಳೆ ಬೀಳುವ ಊರಿನಲ್ಲಿ ಬರಿಯ ಅಂಚು ಎಂದರೆ ತೆರೆದ ಬಾಗಿಲು. ಇದು ಪ್ಲೈವುಡ್ಡಿಗೂ ಸಲ್ಲುವ ಮಾತು. ಕಾಣುವ ಅಂಚಿಗೆ ಎಡ್ಜ್ ಬ್ಯಾಂಡ್ ಹಾಕಿ ಕಾಣದ ಅಂಚನ್ನು ಹಾಗೇ ಬಿಡುವ ಅಭ್ಯಾಸ ನಮ್ಮ ಕೆಲಸದವರಲ್ಲಿ ಬೇರೂರಿದೆ. ನೀರು ಬರುವುದು ಕಾಣದ ಕಡೆಯಿಂದಲೇ.

ಸಿಂಕಿನ ಪೆಟ್ಟಿಗೆಗೆ ಮಲ್ಟಿವುಡ್ ಹಾಕಿ, ಕಣ್ಣುಮುಚ್ಚಿ ಹೇಳುತ್ತೇನೆ. ಅದು ಪಿವಿಸಿ ನೊರೆಹಲಗೆ. ನೀರು ಕುಡಿಯದು, ಒರಳೆ ಮುಟ್ಟದು. ಆದರೆ ಸ್ಟೌವಿನ ಪಕ್ಕಕ್ಕೂ ಸೌದೆ ಒಲೆಯ ಹತ್ತಿರಕ್ಕೂ ಬೇಡ, ಕಾವಿಗೆ ಮೆತ್ತಗಾಗಿ ಬಾಗುತ್ತದೆ. ಸ್ಕ್ರೂ ಹಿಡಿತವೂ ಪ್ಲೈವುಡ್ಡಿನಷ್ಟಿಲ್ಲ; ಅದೇ ತೂತಿಗೆ ಎರಡು ಸಲ ಸ್ಕ್ರೂ ತಿರುಗಿಸಿದರೆ ಸಡಿಲ. ಹಿಂಜ್ ಕೂರುವ ಜಾಗದಲ್ಲಿ ಉದ್ದನೆಯ ಸ್ಕ್ರೂ ಹಾಕಿ. ಅಡ್ಡ ತಟ್ಟು (ಶೆಲ್ಫ್) 600 ಮಿ.ಮೀ. ದಾಟಿದರೆ ನಡುವೆ ಆನಿಕೆ ಕೊಡಿ.

ಉಳಿದ ಪೆಟ್ಟಿಗೆಗಳಿಗೆ ಐಎಸ್ 710 (ನೀರಿಗೆ ತಾಳುವ ದರ್ಜೆಯ ಭಾರತೀಯ ಮಾನಕ) ಮುದ್ರೆಯ ಪ್ಲೈವುಡ್. ಆ ದರ್ಜೆಯ ಅಂಟು 72 ಗಂಟೆ ಕುದಿಯುವ ನೀರಿನಲ್ಲಿ ಬಿಡದೆ ನಿಲ್ಲಬೇಕು ಎಂಬುದು ಪರೀಕ್ಷೆಯ ನಿಯಮ. ಮುದ್ರೆ ಇದ್ದರೂ ನಾನು ಪ್ರತಿ ಲೋಡಿನಿಂದ ಎರಡಿಂಚಿನ ಒಂದು ಚೂರು ಕತ್ತರಿಸಿ ಬಚ್ಚಲೊಲೆಯ ಹಂಡೆಯಲ್ಲಿ ಹಾಕುತ್ತೇನೆ. ಬೆಳಗ್ಗೆ ಹಾಕಿದ್ದನ್ನು ಸಂಜೆ ತೆಗೆದು, ಪದರಗಳ ನಡುವೆ ಕತ್ತಿಯ ತುದಿ ಹೋಗುತ್ತದೋ ಎಂದು ನೋಡುವುದು. ಹೋದರೆ ಆ ಲೋಡು ವಾಪಸು. ಪ್ರಯೋಗಾಲಯದ ಪರೀಕ್ಷೆಗೆ ಇದು ಸಮವಲ್ಲ, ಆದರೂ ಎರಡು ಸಲ ನನ್ನನ್ನು ಕಾಪಾಡಿದೆ. ನೀವೂ ಮಾಡಿ.

ಅಲ್ಯುಮಿನಿಯಂ ಹಗುರ, ಒರಳೆಗೆ ಹೆದರಬೇಕಾಗಿಲ್ಲ, ಬಿಚ್ಚಿ ಜೋಡಿಸಲೂ ಸುಲಭ. ದಿನಕ್ಕೆ ಇಪ್ಪತ್ತು ಸಲ ತೆರೆಯುವ ಬಾಗಿಲಿಗೆ ಗಡಗಡ ಸದ್ದು ಬರುತ್ತದೆ, ಅದೊಂದೇ ನನ್ನ ತಕರಾರು. ಫೆರೋಸ್ಲ್ಯಾಬಿಗೆ ನೀರಿಲ್ಲ, ಒರಳೆಯಿಲ್ಲ, ಬೂಷ್ಟಿಲ್ಲ, ಉಗ್ರಾಣಕ್ಕೆ ಚಿನ್ನ. ಉಪ್ಪಿನಕಾಯಿ ಭರಣಿ, ಉಪ್ಪುಸೊಳೆಯ ಡಬ್ಬ ಇಡಲು ಅದಕ್ಕಿಂತ ಒಳ್ಳೆಯದು ನಾನು ನೋಡಿಲ್ಲ. ಆದರೆ ಕೂರಿಸಿದ ಮೇಲೆ ಅದು ಗೋಡೆಯೇ ಆಯಿತು. ಬದಲಾಯಿಸುವ ಆಸೆ ಇರುವ ಅಡುಗೆಮನೆಗೆ ಬೇಡ.

ಒರಳೆಗೆ ಮದ್ದು ಹೊಡೆಸುವುದು ಸರಿ, ಅದರ ಜೊತೆಗೆ ಕಣ್ಣೂ ಬೇಕು. ಪೆಟ್ಟಿಗೆಗೆ ನಾಲ್ಕಿಂಚಿನ ಪ್ಲಾಸ್ಟಿಕ್ ಕಾಲು ಹಾಕಿ, ಮುಂದಿನ ಅಡಿಪಟ್ಟಿಯನ್ನು ಮೊಳೆ ಹೊಡೆಯದೆ ಕ್ಲಿಪ್ಪಿನಲ್ಲಿ ನಿಲ್ಲಿಸಿ. ಮನೆಯವರು ತಿಂಗಳಿಗೊಮ್ಮೆ ಅದನ್ನು ಎಳೆದು ಟಾರ್ಚ್ ಹಾಕಿ ನೋಡಲಿ. ಒರಳೆಯ ಮಣ್ಣಿನ ದಾರಿ ನೆಲದಿಂದ ಕಾಲು ಹತ್ತುವಾಗಲೇ ಕಂಡರೆ ಪೊರಕೆಯಲ್ಲೇ ಗುಡಿಸಿ ಅಲ್ಲಿಗೆ ಮದ್ದು ಹಾಕಬಹುದು. ಪೆಟ್ಟಿಗೆಯ ಬೆನ್ನಿಗೂ ಗೋಡೆಗೂ ಎರಡಿಂಚು ಸಂದಿ ಬಿಡಿ. ಮುರಕಲ್ಲಿನ ಗೋಡೆ ಮಳೆಗಾಲದಲ್ಲಿ ಬೆವರುತ್ತದೆ, ಅದನ್ನು ಮರಕ್ಕೆ ತಾಗಿಸಬೇಡಿ.

ಇನ್ನೊಂದು, ಕೆಲಸಗಾರರಾದ ನಿಮಗೇ ಹೇಳಬೇಕಾದದ್ದು. ಒಳಬದಿಯಲ್ಲಿ 32 ಮಿ.ಮೀ.ಗೊಂದರಂತೆ 5 ಮಿ.ಮೀ. ತೂತಿನ ಸಾಲು ಕೊರೆಯಿರಿ, ಮುಂದಿನ ಅಂಚಿನಿಂದ 37 ಮಿ.ಮೀ. ಒಳಗೆ. ಕಂಪೆನಿಗಳ ಹಿಂಜ್, ಚಾನೆಲ್ ಎಲ್ಲ ಹೆಚ್ಚಾಗಿ ಈ ಲೆಕ್ಕಕ್ಕೆ ಕೂರುತ್ತವೆ. ಇವತ್ತು ತಟ್ಟು ಇರುವ ಪೆಟ್ಟಿಗೆಗೆ ನಾಳೆ ಡ್ರಾವರ್ ಬೇಕೆಂದರೆ ಹೊಸ ತೂತು ಬೇಡ. ತೂತಿನ ಜಾಗ ತೋರಿಸುವ ಅಚ್ಚು, ಜಿಗ್ ಒಂದನ್ನು ಮಾಡಿಟ್ಟುಕೊಂಡರೆ ಪೆಟ್ಟಿಗೆಗೆ ಹತ್ತು ನಿಮಿಷದ ಕೆಲಸ.

ಪ್ರಶ್ನೆ: ಕುಂಬಳೆಯಲ್ಲಿ ಸಮುದ್ರಕ್ಕೆ ಒಂದು ಫರ್ಲಾಂಗಿನೊಳಗೆ ನಮ್ಮ ಮನೆ. ಕಿಚನ್ ಮಾಡಿಸಿ ಮೂರೇ ವರ್ಷ, ಸಿಂಕಿನ ಕಪಾಟಿನ ಹಿಂಜುಗಳೆಲ್ಲ ತುಕ್ಕು ಹಿಡಿದು ಬಾಗಿಲು ಜೋತಿವೆ. ಬೇರೆ ಕಪಾಟುಗಳಲ್ಲಿ ಅಷ್ಟಿಲ್ಲ. ಉಪ್ಪು ಗಾಳಿ ಒಂದೇ ಕಪಾಟಿಗೆ ಹೇಗೆ ಬಡಿಯುತ್ತದೆ?

ಉತ್ತರ: ನಿಮ್ಮ ಸಂಶಯ ಸರಿಯಾದ ಕಡೆಗೇ ಇದೆ. ಸಿಂಕಿನ ಕೆಳಗೆ ಏನೇನು ಇಟ್ಟಿದ್ದೀರಿ ನೋಡಿ. ಟಾಯ್ಲೆಟ್ ತೊಳೆಯುವ ಆ್ಯಸಿಡ್, ಬ್ಲೀಚ್ ಇದ್ದರೆ ಅವೇ ಕಾರಣ. ಮುಚ್ಚಳ ಬಿಗಿಯಿದ್ದರೂ ಸ್ವಲ್ಪ ಸ್ವಲ್ಪ ಆವಿ ಹೊರಬರುತ್ತದೆ, ಮುಚ್ಚಿದ ಕಪಾಟಿನಲ್ಲಿ ಅದು ಹೋಗುವುದೆಲ್ಲಿಗೆ? ಕಬ್ಬಿಣದ ಮೇಲಿನ ಲೇಪವನ್ನು ತಿನ್ನುತ್ತದೆ. ಬಾಟಲಿಗಳನ್ನು ಇಂದೇ ಹೊರಗಿಡಿ. ಕಲ್ಲುಪ್ಪಿನ ಭರಣಿ ಇದ್ದರೆ ಅದನ್ನೂ.

ಹೊಸ ಹಿಂಜ್ ಹಾಕಿಸುವಾಗ ಸ್ಟೇನ್‌ಲೆಸ್ ಸ್ಟೀಲ್ 304 ಎಂದು ಹೇಳಿ ಕೇಳಿ, ಬಿಲ್ಲಿನಲ್ಲಿಯೂ ಬರೆಸಿ. ಅಂಗಡಿಯಲ್ಲಿ ಆಯಸ್ಕಾಂತ ಹಿಡಿದು 'ನೋಡಿ, ಅಂಟುವುದಿಲ್ಲ' ಎಂದು ತೋರಿಸಿದರೆ ನಂಬಬೇಡಿ. ಅಗ್ಗದ 202 ದರ್ಜೆಗೂ ಆಯಸ್ಕಾಂತ ಅಂಟುವುದಿಲ್ಲ. ಕಡಲ ಬದಿಯಲ್ಲಿ 304ಕ್ಕೂ ಕಂದು ಕಲೆ ಬರುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಬಟ್ಟೆಯಲ್ಲಿ ಮತ್ತೊಮ್ಮೆ ಒರೆಸಿದರೆ ಅದು ಮೇಲ್ಮೈಯ ಕಲೆಯಾಗಿಯೇ ಉಳಿಯುತ್ತದೆ, ಒಳಗೆ ಇಳಿಯುವುದಿಲ್ಲ. ಹಳೆಯ ಹಿಂಜಿನ ಬಟ್ಟಲು 35 ಮಿ.ಮೀ. ಇದ್ದೀತು, ಹೊಸತೂ ಅದೇ ಅಳತೆಯದು. ಬಾಗಿಲು ಬದಲಿಸುವ ಖರ್ಚಿಲ್ಲ.

ಪ್ರಶ್ನೆ: ನಮ್ಮ ಅತ್ತೆಯ ಎತ್ತರ 4 ಅಡಿ 9 ಇಂಚು, ನನ್ನದು 5 ಅಡಿ 5 ಇಂಚು. ಅಡುಗೆ ಹೆಚ್ಚಾಗಿ ಅತ್ತೆಯದು, ಪಾತ್ರೆ ತೊಳೆಯುವುದು, ತರಕಾರಿ ಕೊರೆಯುವುದು ನನ್ನದು. ಕಟ್ಟೆ 33 ಇಂಚು ಉಂಟು. ಅತ್ತೆಗೆ ಭುಜ ನೋವು, ನನಗೆ ಸೊಂಟ ನೋವು. ನೀರ್ಚಾಲಿನಲ್ಲಿ ಹೊಸ ಮನೆ ಕಟ್ಟಿಸುತ್ತಿದ್ದೇವೆ, ಏನಾದರೂ ದಾರಿ ಹೇಳಿ ಮೇಡಂ. ಸಿಲಿಂಡರನ್ನು ಕಪಾಟಿನೊಳಗೆ ಮುಚ್ಚಿಡಬಹುದೇ ಎಂಬುದನ್ನೂ ತಿಳಿಸಿ.

ಉತ್ತರ: ನಿಮ್ಮ ಪತ್ರ ಓದಿ ಸಂತೋಷವಾಯಿತು ತಂಗಿ. ಅತ್ತೆಯ ಭುಜ, ನಿಮ್ಮ ಸೊಂಟ ಎರಡೂ ಒಂದೇ ಕಟ್ಟೆಯಿಂದ ನೋಯುತ್ತಿವೆ ಎಂದು ನೀವೇ ಕಂಡುಕೊಂಡಿದ್ದೀರಿ. ಎಷ್ಟೋ ಮನೆಗಳಲ್ಲಿ ಇದನ್ನು ವಯಸ್ಸಿನ ಲೆಕ್ಕಕ್ಕೆ ಬರೆದು ಎಣ್ಣೆ ತಿಕ್ಕಿಕೊಂಡು ಸುಮ್ಮನಿರುತ್ತಾರೆ.

ನೇರ ನಿಂತು ಮೊಣಕೈ ಮಡಚಿ, ನೆಲದಿಂದ ಮೊಣಕೈಗೆ ಎಷ್ಟು ಎಂದು ಅಳೆಯಿರಿ. ಅದರಿಂದ ನಾಲ್ಕರಿಂದ ಆರಿಂಚು ಕಳೆದರೆ ಕೊರೆಯುವ ಕಟ್ಟೆಯ ಎತ್ತರ ಸಿಗುತ್ತದೆ. ನಿಮ್ಮ ಮೊಣಕೈ 41 ಇಂಚಿನ ಹತ್ತಿರ ಇರಬೇಕು, ಅತ್ತೆಯವರದ್ದು 36. ಅಂದರೆ ನಿಮಗೆ 36, ಅವರಿಗೆ 31. ಇನ್ನೂ ಒಂದು ವಿಷಯ ಸೇರಿಸಬೇಕು. ಕಟ್ಟೆಯ ಮೇಲಿಡುವ ಸಾಮಾನ್ಯ ಗ್ಯಾಸ್ ಸ್ಟೌವಿನದ್ದೇ ನಾಲ್ಕೈದು ಇಂಚು ಎತ್ತರ, ಅದರ ಮೇಲೆ ಸಾಂಬಾರಿನ ಪಾತ್ರೆ. ಈಗ ಅತ್ತೆ 33 ಇಂಚಿನ ಕಟ್ಟೆಯಲ್ಲಿ ಸೌಟು ತಿರುಗಿಸುವಾಗ ಅವರ ಕೈ ಭುಜದ ಮಟ್ಟಕ್ಕೇ ಏರುತ್ತಿದೆ. ಸಿಂಕಿನದ್ದು ತಿರುಗು ಮುರುಗು: ಕೈ ಹೋಗುವುದು ಬೇಸಿನ್ನಿನ ತಳಕ್ಕೆ, ಎಂಟಿಂಚು ಕೆಳಗೆ. ಅದಕ್ಕೇ ನೀವು ಬಗ್ಗುತ್ತೀರಿ.

ಹಾಗಾಗಿ ಕಟ್ಟೆಯನ್ನು ಎರಡು ಮಟ್ಟ ಮಾಡಿ. ಸ್ಟೌವಿನ ಭಾಗ 29 ಇಂಚು, ಸಿಂಕು ಮತ್ತು ಕೊರೆಯುವ ಭಾಗ 36. ಚಿತ್ರದಲ್ಲಿ ಅಷ್ಟು ಚಂದ ಕಾಣುವುದಿಲ್ಲ ಎಂದು ಕೆಲಸದವರು ಹೇಳಿಯೇ ಹೇಳುತ್ತಾರೆ. ಕೇಳಬೇಡಿ. ಪೆಟ್ಟಿಗೆಯ ಕಾಲು ತಿರುಗಿಸಿ ಎತ್ತರ ಹೊಂದಿಸಬಹುದು ಎಂದೂ ಹೇಳುತ್ತಾರೆ; ಅದು ಒಂದಿಂಚಿನ ಆಚೀಚೆಗೆ ಮಾತ್ರ, ನೆಲದ ಏರುತಗ್ಗು ಸರಿಮಾಡಲು ಇರುವುದು. ಏಳಿಂಚು ಅದರಿಂದ ಬಾರದು, ಸ್ಟೌವಿನ ಕೆಳಗೆ ಗಿಡ್ಡ ಪೆಟ್ಟಿಗೆಯನ್ನೇ ಮಾಡಿಸಬೇಕು. ಮುಂದೆ ಅಡುಗೆ ನಿಮ್ಮ ಕೈಗೆ ಬಂದಾಗ ಚೌಕಟ್ಟಿನ ಕಾಲಿಗೆ ತುಂಡು ಬೆಸೆದು ಆ ಭಾಗವನ್ನಷ್ಟೇ ಏರಿಸಿದರಾಯಿತು. ಮೇಲೆ ಪೆರ್ಲದ ಅಮ್ಮನಿಗೆ ಬರೆದ ಪೈಪಿನ ಚೌಕಟ್ಟು ನಿಮಗೂ ಹೊಂದುತ್ತದೆ.

ಸಿಲಿಂಡರಿನ ಮಾತು. ಹೊಸ ಮನೆಯಾದ್ದರಿಂದ ಹೊರಗೋಡೆಗೆ ತಾಗಿ ನೆರಳಿನಲ್ಲಿ ಜಾಲರಿ ಬಾಗಿಲಿನ ಗೂಡು ಕಟ್ಟಿಸಿ, ಗ್ಯಾಸ್ ಏಜೆನ್ಸಿಯ ಮೆಕ್ಯಾನಿಕ್‌ನಿಂದಲೇ ತಾಮ್ರದ ಪೈಪು ಹಾಕಿಸಿ. ಅದು ಎಲ್ಲಕ್ಕಿಂತ ಒಳ್ಳೆಯದು. ಆಗುವುದಿಲ್ಲ ಎಂದಾದರೆ ಕಟ್ಟೆಯ ಕೆಳಗೆ ಬಾಗಿಲಿಲ್ಲದೆ ನೆಟ್ಟಗೆ ನಿಲ್ಲಿಸಿ. ಆಗ ಸ್ಟೌವಿನ ಮಟ್ಟ ಸಿಲಿಂಡರಿಗಿಂತ ಮೇಲೆಯೇ ಇರಬೇಕು ಎಂಬುದನ್ನು ಮರೆಯಬೇಡಿ. ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ಮೇಲೇರದೆ ನೆಲದಲ್ಲಿ ಹರಡಿ ನಿಲ್ಲುತ್ತದೆ. ಮೇಲ್ಗಡೆ ಮಾತ್ರ ತೂತು ಇರುವ ಕಪಾಟಿನಿಂದ ಅದು ಹೊರಹೋಗಲಾರದು. ಸಿಲಿಂಡರ್ ಇರುವ ಜಾಗದಲ್ಲಿ ಪ್ಲಗ್, ಸ್ವಿಚ್ ಯಾವುದೂ ಬೇಡ. ಕಿತ್ತಳೆ ಬಣ್ಣದ ಸುರಕ್ಷಾ ಪೈಪಿನ ಆಯುಷ್ಯ 5 ವರ್ಷ. ಮೇಲೆ ಮುದ್ರಿಸಿದ ತಿಂಗಳು, ವರ್ಷ ಇಂದೇ ನೋಡಿ.

ಪ್ರಶ್ನೆ: ಉಪ್ಪಳದಲ್ಲಿ ಬಾಡಿಗೆ ಫ್ಲ್ಯಾಟ್. ಅಡುಗೆಮನೆ 8 ಅಡಿಗೆ 7 ಅಡಿ, ಕಟ್ಟೆಯೊಂದು ಬಿಟ್ಟು ಮತ್ತೇನಿಲ್ಲ. ಗೋಡೆಗೆ ಮೊಳೆ ಹೊಡೆಯಬಾರದು ಎಂದು ಮನೆಯ ಯಜಮಾನರ ಕರಾರು. ಎರಡು ಮೂರು ವರ್ಷಕ್ಕೊಮ್ಮೆ ನನಗೆ ವರ್ಗ. ಕಪಾಟು ಮಾಡಿಸುವುದು ದುಡ್ಡು ದಂಡವೇ?

ಉತ್ತರ: ದಂಡವಲ್ಲ, ಲಾರಿ ಹತ್ತುವ ಕಪಾಟು ಮಾಡಿಸಿದರೆ. ಕಟ್ಟೆಯ ಕೆಳಗೆ ನೆಲದಿಂದ ಸ್ಲ್ಯಾಬಿನ ಅಡಿಗೆ ಎಷ್ಟು ಎತ್ತರವಿದೆ ಎಂದು ಮೂರು ಕಡೆ ಅಳೆದು, ಅತಿ ಕಡಿಮೆ ಬಂದ ಅಳತೆಯಿಂದ ಎರಡಿಂಚು ಕಳೆಯಿರಿ. ಅಷ್ಟೆತ್ತರಕ್ಕೆ, 450 ಮಿ.ಮೀ. ಅಗಲದ, ಚಕ್ರವಿರುವ ಮೂರು ಪೆಟ್ಟಿಗೆ. 600 ಬೇಡ, ಹಳೆಯ ಮನೆಗಳಲ್ಲಿ ಕಟ್ಟೆಯ ಕೆಳಗೆ ಇಟ್ಟಿಗೆಯ ಅಡ್ಡಗೋಡೆ ಇರುತ್ತದೆ, ಮುಂದಿನ ಮನೆಯಲ್ಲಿ ಎಷ್ಟು ದೂರಕ್ಕೆ ಕಟ್ಟಿದ್ದಾರೋ ಯಾರಿಗೆ ಗೊತ್ತು? ಕಿರಿದು ಎಲ್ಲಿಯೂ ನುಗ್ಗುತ್ತದೆ. ಆಳ 500 ಸಾಕು, ಹಿಂದೆ ಪೈಪಿಗೆ ಜಾಗ ಬೇಕು. ಒಂದು ಪೆಟ್ಟಿಗೆಗೆ ಮೂರು ಡ್ರಾವರ್, ಒಂದಕ್ಕೆ ತಟ್ಟು, ಒಂದಕ್ಕೆ ಬರಿಯ ತಂತಿಬುಟ್ಟಿ. ಈರುಳ್ಳಿ, ಬಟಾಟೆ, ತೆಂಗಿನಕಾಯಿಗೆ.

ಗೋಡೆಯ ಬದಲು ನೆಲದಿಂದ ಮೇಲಿನ ತಾರಸಿಗೆ ಆನಿಸಿ ತಿರುಗಿಸಿ ಬಿಗಿಯುವ ಸ್ಟೀಲ್ ಕಂಬಗಳು ಸಿಗುತ್ತವೆ. ಅಂಥ ಎರಡು ಕಂಬಕ್ಕೆ ಅಡ್ಡ ಸರಳು ಹಾಕಿ ಸೌಟು, ಜರಡಿ, ಬಾಣಲೆ ನೇತುಹಾಕಿ. ಭಾರದ ಡಬ್ಬ ಅಲ್ಲಿ ಬೇಡ. ಪೆಟ್ಟಿಗೆಗಳನ್ನು ಮೊಳೆ, ಅಂಟಿನಿಂದ ಕೂಡಿಸದೆ ಬಿಚ್ಚುವ ಸ್ಕ್ರೂ ಹಾಕಿ ಜೋಡಿಸಲು ಹೇಳಿ. ಪ್ರತಿ ಹಲಗೆಯ ಒಳಮೈಗೆ ಪೆನ್ಸಿಲಿನಲ್ಲಿ ನಂಬರ್ ಬರೆಸಿ, ಸ್ಕ್ರೂಗಳಿಗೆ ಒಂದು ಡಬ್ಬ ಮೀಸಲಿಡಿ. ವರ್ಗದ ಆದೇಶ ಬಂದ ದಿನ ಒಂದು ಸ್ಕ್ರೂಡ್ರೈವರ್, ಎರಡು ಗಂಟೆ ಸಾಕು. ಬಾಗಿಲುಗಳನ್ನು ಮಾತ್ರ ಹಳೇ ಬೆಡ್‌ಶೀಟಿನಲ್ಲಿ ಸುತ್ತಿ ನಿಲ್ಲಿಸಿಯೇ ಸಾಗಿಸಿ. ಮಲಗಿಸಿ ಒಂದರ ಮೇಲೊಂದು ಇಟ್ಟರೆ ಉಪ್ಪಳದಿಂದ ಮಂಜೇಶ್ವರಕ್ಕೆ ತಲಪುವುದರೊಳಗೆ ಮೈಕಾಕ್ಕೆ ಗೀರು ಬೀಳುತ್ತದೆ.